ನೋವು ಯಾವಾಗ ಇರುವುದಿಲ್ಲ? ಅದನ್ನು ಬರೆದುಕೊಂಡು ಬನ್ನಿ

ಆಸ್ಟಿಯೋಪತಿ ಅಂದರೆ ಹೋಮಿಯೋಪತಿಯ ಅಣ್ಣನೋ ತಮ್ಮನೋ ಇರಬೇಕು ಅಂದುಕೊಂಡು ಸಿಹಿ ಗುಳಿಗೆಯ ನಿರೀಕ್ಷೆಯಲ್ಲಿ ಬರುವವರಿದ್ದಾರೆ. ಆರ್ಥೋಪೆಡಿಕ್ ಡಾಕ್ಟರು ಅಂದುಕೊಂಡು ಬಾಗಿಲಲ್ಲೇ ಎಕ್ಸ್‌ರೇ ಕವರು ಚಾಚುವವರೂ ಇದ್ದಾರೆ. ನಾನು ಎರಡೂ ಅಲ್ಲ, ಆಸ್ಟಿಯೋಪತ್. ಬೆನ್ನು, ಕತ್ತು, ಭುಜ, ಮಂಡಿ ಅಂತ ಬಂದವರ ಕಥೆ ಕೇಳುತ್ತೇನೆ, ಅವರು ನಿಲ್ಲುವುದು ಬಗ್ಗುವುದು ನೋಡುತ್ತೇನೆ, ಆಮೇಲೆ ಕೈಯಿಂದ ಕೀಲು, ಸ್ನಾಯುಗಳನ್ನು ಸಡಿಲಿಸುತ್ತೇನೆ. 17 ವರ್ಷದಿಂದ ಇದೇ ಕೆಲಸ. ಮೊದಲ ಭೇಟಿಗೆ ನಾನು ಇಡುವುದು 60 ನಿಮಿಷ. ಅದರಲ್ಲಿ ಕಾಲು ಗಂಟೆ 'ಯಾವಾಗ ಶುರುವಾಯಿತು ಅಂದರೆ... ಇರಿ, ನೆನಪಾಗ್ತಿಲ್ಲ' ಅನ್ನುವುದರಲ್ಲೇ ಹೋಗುತ್ತದೆ. ಆ ಕಾಲು ಗಂಟೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲೇ ಮಾಡಿಕೊಂಡು ಬರಬೇಕಾದದ್ದು

ನೋವು ಎಲ್ಲಿದೆ ಅಂತ ಎಲ್ಲರೂ ಬೆರಳಿಟ್ಟು ತೋರಿಸುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಬೇಕಾದದ್ದು ಅದು ಯಾವಾಗ ಇರುವುದಿಲ್ಲ ಎನ್ನುವುದು.

ಐವತ್ತರ ಆಸುಪಾಸಿನ ಒಬ್ಬರು ಬಂದಿದ್ದರು. ಲೆಕ್ಕಪತ್ರದ ಕೆಲಸ. ಒಂದೂವರೆ ವರ್ಷದಿಂದ ಕತ್ತು ನೋವು, ಸಂಜೆಯಾದರೆ ತಲೆಯ ಹಿಂಭಾಗಕ್ಕೆ ಏರುತ್ತಿತ್ತು. ಮೂರು ದಿಂಬು ಬದಲಾಯಿಸಿ ಆಗಿತ್ತು. 'ಈ ಒಂದೂವರೆ ವರ್ಷದಲ್ಲಿ ನೋವಿಲ್ಲದ ದಿನ ಯಾವುದು?' ಅಂದೆ. 'ಒಂದು ದಿನವೂ ಇಲ್ಲ' ಅಂದರು. ನಾನು ಪೆನ್ನು ಹಿಡಿದು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಅಂದರು: 'ಕನ್ನಡಕ ಒಡೆದು ಹೋಗಿತ್ತಲ್ಲ, ಆಗೊಂದು ಹತ್ತು ದಿನ ಅಷ್ಟಾಗಿ ಇರಲಿಲ್ಲ.' ಆ ಹತ್ತು ದಿನ ಹಳೆಯ ಕನ್ನಡಕದಲ್ಲೇ ಕೆಲಸ ಮಾಡಿದ್ದರಂತೆ. ಹೊಸದು ಪ್ರೋಗ್ರೆಸಿವ್ ಲೆನ್ಸು, ಹತ್ತಿರದ್ದನ್ನು ಓದುವ ಭಾಗ ಕೆಳಗಿರುತ್ತದೆ. ನನ್ನ ಕಂಪ್ಯೂಟರಿನ ಮುಂದೆ ಕೂರಿಸಿ, ತಲೆಬುರುಡೆಯ ಬುಡಕ್ಕೆ ಎರಡು ಬೆರಳಿಟ್ಟು, 'ಇದನ್ನು ಓದಿ' ಅಂದೆ. ಗದ್ದ ಮೇಲೆದ್ದಿತು, ಕತ್ತು ಆಮೆಯದರ ಹಾಗೆ ಮುಂದೆ ಬಂತು, ಬೆರಳ ಕೆಳಗಿನ ಸ್ನಾಯು ಹಗ್ಗದಂತೆ ಬಿಗಿಯಿತು. ದಿನಕ್ಕೆ 8 ಗಂಟೆ ಇದೇ ಭಂಗಿ! ಕತ್ತಿಗೆ ಮೂರು ಸಲ ಕೈ ಹಾಕಿದೆ, ನಿಜ. ಆದರೆ ವಾಸಿ ಮಾಡಿದ್ದು ಕಂಪ್ಯೂಟರಿನ ದೂರಕ್ಕೆಂದೇ ಮಾಡಿಸಿಕೊಂಡ ಇನ್ನೊಂದು ಕನ್ನಡಕ.

ಹಾಗಾಗಿ ಬರುವ ಮುಂಚೆ ಮೂರು ದಿನ ಒಂದು ಚೀಟಿ ಇಟ್ಟುಕೊಳ್ಳಿ. 'ತುಂಬಾ ನೋವು' ಅಂತ ಬರೆಯಬೇಡಿ, ಅದರಿಂದ ನನಗೆ ಏನೂ ತಿಳಿಯುವುದಿಲ್ಲ. '20 ನಿಮಿಷ ಕೂತರೆ ಶುರು, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಇಳಿಯುತ್ತದೆ' ಎನ್ನುವಂಥ ಒಂದು ಸಾಲು ಸಾಕು. ಬೆಳಿಗ್ಗೆ ಎದ್ದಾಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ ಅಂತ ಗಡಿಯಾರ ನೋಡಿ ಬರೆಯಿರಿ. ಹತ್ತು ನಿಮಿಷದಲ್ಲಿ ಬಿಟ್ಟುಕೊಂಡರೆ ಒಂದು ಕಥೆ. ಅರ್ಧ ಗಂಟೆ ದಾಟಿದರೆ, ಓಡಾಡಿದಾಗ ಕಡಿಮೆಯಾಗಿ ವಿಶ್ರಾಂತಿಯಲ್ಲಿ ಹೆಚ್ಚಾದರೆ, ಬೆಳಗಿನ ಜಾವ ಎಬ್ಬಿಸಿದರೆ, ಅದರಲ್ಲೂ ವಯಸ್ಸು 45ರ ಒಳಗಿದ್ದರೆ, ಅದು ಉರಿಯೂತದ ಬೆನ್ನು ನೋವು ಇರಬಹುದು. ಅದನ್ನು ನೋಡಬೇಕಾದವರು ಸಂಧಿವಾತದ ತಜ್ಞರು.

ನುಂಗುತ್ತಿರುವ ಮಾತ್ರೆಗಳ ಪಟ್ಟಿ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆ, ಬಹಳ ಕಾಲ ತೆಗೆದುಕೊಂಡ ಸ್ಟೆರಾಯ್ಡ್, ಮೂಳೆ ಸವೆತ, ಗರ್ಭಿಣಿಯಾಗಿರುವುದು, ಹಿಂದೆ ಆಗಿದ್ದ ಕ್ಯಾನ್ಸರ್, ಆಪರೇಷನ್‌ಗಳು, ಬಿದ್ದದ್ದು: ಇವನ್ನು ನಾನು ಕೇಳಿಯೇ ಕೇಳುತ್ತೇನೆ. ನೀವು ಹೋದ ಕಡೆ ಕೇಳಲಿಲ್ಲವಾದರೆ ನೀವೇ ಹೇಳಿ. ಕೇಳದೆ ಮೈಮುಟ್ಟಲು ಬಂದವರ ಮೇಲೆ ಒಂದಿಷ್ಟು ಅನುಮಾನವೂ ಇರಲಿ.

ಸ್ಕ್ಯಾನ್ ಇದ್ದರೆ ತನ್ನಿ, ಆದರೆ ಅದರಲ್ಲಿರುವ ಪದಗಳಿಗೆ ಹೆದರಿಕೊಂಡು ಬರಬೇಡಿ. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಲೆಕ್ಕ ಒಟ್ಟುಹಾಕಿದ ಅಧ್ಯಯನವೊಂದು 2015ರಲ್ಲಿ ಬಂತು. ಇಪ್ಪತ್ತರ ವಯಸ್ಸಿನಲ್ಲೇ ನೂರಕ್ಕೆ 37 ಮಂದಿಯ ಡಿಸ್ಕ್‌ನಲ್ಲಿ ಸವೆತ ಕಂಡಿತ್ತು, ಎಂಬತ್ತರಲ್ಲಿ ನೂರಕ್ಕೆ 96. ಮುಖದ ಮೇಲೆ ಸುಕ್ಕು ಬಿದ್ದ ಹಾಗೆ ಬೆನ್ನಿನೊಳಗೂ ಬೀಳುತ್ತದೆ. 'ನನ್ನ ಡಿಸ್ಕ್ ಹೋಗಿದೆ' ಅಂತ ಎರಡು ವರ್ಷದಿಂದ ಬಗ್ಗುವುದನ್ನೇ ಬಿಟ್ಟವರ ಬೆನ್ನು ಸೆಟೆದಿರುವುದು ಹಲವು ಸಲ ಬಗ್ಗದೆ ಇದ್ದದ್ದಕ್ಕೇ.

ನನ್ನ ಹತ್ತಿರ ಬರಬಾರದವರು

ಬೆನ್ನು ನೋವಿನ ಜೊತೆ ತೊಡೆಸಂದಿನ ಸುತ್ತ, ಸೈಕಲ್ ಸೀಟು ತಾಗುವ ಜಾಗ, ಮರಗಟ್ಟಿದರೆ. ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ. ಎರಡೂ ಕಾಲಿನಲ್ಲಿ ಬಲ ಕುಗ್ಗುತ್ತಿದ್ದರೆ. ಇವುಗಳಲ್ಲಿ ಯಾವುದೊಂದು ಕಂಡರೂ ಅವತ್ತೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನಾಳೆ ನೋಡೋಣ ಅನ್ನುವ ಮಾತಿಲ್ಲ. ಕತ್ತಿನಲ್ಲಿ ಹಿಂದೆಂದೂ ಇಲ್ಲದಂಥ ನೋವು ಹಠಾತ್ತನೆ ಬಂದು, ತಲೆ ಸುತ್ತಿ, ಎರಡೆರಡು ಕಂಡು, ಮಾತು ತೊದಲಿದರೂ ಅಷ್ಟೇ. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಬಿದ್ದು ಪೆಟ್ಟಾದ ನಂತರದ ನೋವು ಇದ್ದರೆ ಮೊದಲು ವೈದ್ಯರನ್ನು ಕಾಣಿ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ವೃತ್ತಿಯ ಎರಡನೇ ವರ್ಷ. ಒಬ್ಬ ಯುವಕ, ಬಲ ಪಕ್ಕೆಲುಬಿನ ಕೆಳಗೆ, ಬೆನ್ನಿನ ಕಡೆ ನೋವು. ಎರಡು ಸಲ ಉಜ್ಜಿ, ಎಳೆದು, ಒತ್ತಿ ಕಳಿಸಿದೆ. ಮೂರನೇ ಸಲ ಬಂದಾಗ ಏನೂ ಬದಲಾಗಿರಲಿಲ್ಲ. ಬಗ್ಗಿಸಿದೆ, ತಿರುಗಿಸಿದೆ, ಮಲಗಿಸಿದೆ. ನೋವು ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಆಗ ಹೊಳೆಯಿತು. 'ಜ್ವರ ಬರ್ತಿದೆಯಾ?' ಅಂದೆ. 'ಸಂಜೆ ಹೊತ್ತು ಸ್ವಲ್ಪ ಚಳಿ ಆಗುತ್ತೆ, ಸುಸ್ತಿಗೆ ಅಂದುಕೊಂಡೆ' ಅಂದ. ಮೂತ್ರಪಿಂಡದ ಸೋಂಕು. ಔಷಧಿಯಿಂದ ವಾಸಿಯಾಯಿತು, ಆದರೆ ನನ್ನಿಂದ ಎಂಟು ದಿನ ತಡವಾಗಿತ್ತು. ಯಾವ ಭಂಗಿಗೂ ಜಗ್ಗದ ನೋವು ಕೀಲಿನದ್ದೋ ಸ್ನಾಯುವಿನದ್ದೋ ಆಗಿರುವುದು ಅಪರೂಪ. ಆವತ್ತಿನಿಂದ ಜ್ವರದ ಪ್ರಶ್ನೆ ನನ್ನ ಹಾಳೆಯಲ್ಲಿ ಮೊದಲನೆಯದು.

ಒಳಗೆ ಬಂದ ಮೇಲೆ

ದಿನವೂ ಹಾಕುವ ಚಪ್ಪಲಿ ಅಥವಾ ಬೂಟನ್ನೇ ಹಾಕಿಕೊಂಡು ಬನ್ನಿ. ಹಿಮ್ಮಡಿ ಯಾವ ಕಡೆ ಸವೆದಿದೆ ಅಂತ ನೋಡುತ್ತೇನೆ. ಬಟ್ಟೆ ಬಗ್ಗಲು, ಕೂರಲು ಬರುವಂತಿದ್ದರೆ ಸಾಕು. ಮೈಮೇಲಿನ ಬಟ್ಟೆ ತೆಗೆಯಬೇಕಾದ ಪರೀಕ್ಷೆಗೆ ಮುಂಚೆ ಏಕೆಂದು ಹೇಳಿ ಕೇಳಬೇಕು, ಬೇಡ ಅಂದರೆ ಬಿಡಬೇಕು. ಜೊತೆಗೆ ಒಬ್ಬರನ್ನು ಕೂರಿಸಿಕೊಳ್ಳಬಹುದು.

ಸೊಂಟ ನೋವೆಂದು ಬಂದವರ ಹರಡು, ಅಂದರೆ ಪಾದದ ಕೀಲು, ಮುಟ್ಟಿದಾಗ ಅನೇಕರು ತಲೆಯೆತ್ತಿ ನೋಡುತ್ತಾರೆ, ಇವನಿಗೆ ಸೊಂಟ ಯಾವುದು ಅಂತ ಗೊತ್ತಿಲ್ಲವೇ ಎನ್ನುವ ಹಾಗೆ. ಹರಡು ಸೆಟೆದಿದ್ದರೆ ಕುಕ್ಕರಗಾಲಲ್ಲಿ ಕೂರುವಾಗ ಆ ಕೊರತೆಯನ್ನು ಮಂಡಿ ಅಥವಾ ಸೊಂಟ ತುಂಬಬೇಕಾಗುತ್ತದೆ. ಉಸಿರನ್ನೂ ಗಮನಿಸುತ್ತೇನೆ. ಎದೆಯ ಮೇಲ್ಭಾಗದಲ್ಲೇ ಉಸಿರಾಡುವವರ ಭುಜದ ಸ್ನಾಯುಗಳಿಗೆ ದಿನವಿಡೀ ಓವರ್‌ಟೈಮ್. ನಿದ್ದೆ, ಕೆಲಸದ ಒತ್ತಡ, ಮನೆಯಲ್ಲಿ ಎತ್ತಿ ಇಳಿಸಬೇಕಾದ ಮಗುವೋ ಹಾಸಿಗೆ ಹಿಡಿದ ಹಿರಿಯರೋ ಇದ್ದಾರೆಯೇ ಎಂದೂ ಕೇಳುತ್ತೇನೆ. ಇದು ಕಾಡುಹರಟೆ ಅಲ್ಲ, ಪರೀಕ್ಷೆಯ ಭಾಗ. 'ಹೋಲಿಸ್ಟಿಕ್' ಅನ್ನುವ ಪದವನ್ನು ಈಗ ಸೋಪಿನ ಮೇಲೂ ಅಚ್ಚು ಹಾಕುತ್ತಾರೆ. ನನ್ನ ಕೋಣೆಯಲ್ಲಿ ಅದರ ಅರ್ಥ ಇಷ್ಟೇ: ನೋವಿರುವ ಜಾಗ ಮಾತ್ರವಲ್ಲ, ನೋವಿರುವ ಮನುಷ್ಯನ ದಿನಚರಿ ನನಗೆ ಗೊತ್ತಾಗಬೇಕು.

ದೇಹ ಒಂದೇ, ಅದರ ರಚನೆಗೂ ಕೆಲಸಕ್ಕೂ ಕೊಡುಕೊಳ್ಳುವಿಕೆ ಇದೆ, ತನ್ನನ್ನು ತಾನು ಸರಿಪಡಿಸಿಕೊಳ್ಳುವ ಗುಣ ಅದಕ್ಕಿದೆ: ಈ ವಿಚಾರಗಳ ಮೂಲ ಅಮೆರಿಕದ ವೈದ್ಯ ಆ್ಯಂಡ್ರೂ ಟೇಲರ್ ಸ್ಟಿಲ್. 1864ರಲ್ಲಿ ಮೆದುಳು ಪೊರೆಯ ಉರಿಯೂತಕ್ಕೆ ಮೂವರು ಮಕ್ಕಳನ್ನು ಕಳೆದುಕೊಂಡ ಆತ ಅಂದಿನ ಔಷಧಿಗಳ ಮೇಲೆ ನಂಬಿಕೆ ಕಳೆದುಕೊಂಡು 1874ರಲ್ಲಿ ಈ ಪದ್ಧತಿಯನ್ನು ಘೋಷಿಸಿದ, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದ. ಆತನ ದುಃಖ ಅರ್ಥವಾಗುತ್ತದೆ. ಆದರೆ ಬಹುಪಾಲು ಕಾಯಿಲೆಗಳ ಬೇರು ಮೂಳೆಗಳ ಜೋಡಣೆಯಲ್ಲಿದೆ ಎಂಬ ಆತನ ಮಾತನ್ನು ನಾನು ಒಪ್ಪುವುದಿಲ್ಲ. ಇವತ್ತಿಗೂ ತಲೆಬುರುಡೆಯ ಮೂಳೆಗಳನ್ನು ಮೆಲ್ಲಗೆ ಸರಿಸಿ ಎಲ್ಲವನ್ನೂ ವಾಸಿ ಮಾಡುತ್ತೇವೆ ಅನ್ನುವವರಿದ್ದಾರೆ. ಅದಕ್ಕಿರುವ ಆಧಾರ ತೀರಾ ದುರ್ಬಲ.

ಆ 'ಲಟಕ್' ಶಬ್ದ

ಅದಕ್ಕೋಸ್ಕರವೇ ಬರುವವರಿದ್ದಾರೆ. ಶಬ್ದ ಬರದಿದ್ದರೆ ಮೋಸವಾಯಿತು ಎನ್ನುವ ಮುಖ ಮಾಡುತ್ತಾರೆ. ಮೂಳೆ ಜಾಗಕ್ಕೆ ಕೂತ ಶಬ್ದ ಅದಲ್ಲ. ಬೆರಳಿನ ನಟಿಕೆ ಮುರಿದಾಗ ಆಗುವುದೇ ಇಲ್ಲೂ: ಕೀಲಿನೊಳಗಿನ ದ್ರವದಲ್ಲಿ ಒತ್ತಡ ಇಳಿದು ಅನಿಲದ ಗುಳ್ಳೆ ಆಟವಾಡುತ್ತದೆ. ಅದೇ ಬೆರಳನ್ನು ಮತ್ತೆ ಮುರಿಯಲು ಸುಮಾರು 20 ನಿಮಿಷ ಕಾಯಬೇಕು. ಕತ್ತಿನಲ್ಲಿ ಈ ಫಟ್ಟನೆ ತಿರುಗಿಸುವ ವಿಧಾನಕ್ಕೆ ಅಪಾಯ ಅಪರೂಪವಾದರೂ ಇಲ್ಲದಿಲ್ಲ. ಬೇಡ ಅನ್ನುವ ಹಕ್ಕು ನಿಮ್ಮದು, ಕಾರಣವನ್ನೂ ಕೊಡಬೇಕಾಗಿಲ್ಲ.

ನಾನು ಹೆಚ್ಚು ಬಳಸುವುದು ನಿಮ್ಮನ್ನೂ ದುಡಿಸಿಕೊಳ್ಳುವ ವಿಧಾನ. ಉದಾಹರಣೆಗೆ ತೊಡೆಯ ಹಿಂಭಾಗ ಬಿಗಿಯಾಗಿದ್ದರೆ, ಮಲಗಿಸಿ ಕಾಲನ್ನು ಎಳೆತ ಸಿಗುವವರೆಗೆ ಮಾತ್ರ ಎತ್ತಿ ಹಿಡಿಯುತ್ತೇನೆ. 'ನಿಮ್ಮ ಶಕ್ತಿಯ ನಾಲ್ಕರಲ್ಲಿ ಒಂದು ಭಾಗ ಮಾತ್ರ ಹಾಕಿ ಹಿಮ್ಮಡಿಯನ್ನು ನನ್ನ ಕೈಗೆ ಒತ್ತಿ' ಅನ್ನುತ್ತೇನೆ. ಐದು ಎಣಿಸುತ್ತೇವೆ. ಬಿಟ್ಟು ಉಸಿರು ಹೊರಹಾಕಿದಾಗ ಕಾಲು ಇನ್ನೊಂದಿಷ್ಟು ಮೇಲೇರುತ್ತದೆ. ಹೀಗೆ ಮೂರು ನಾಲ್ಕು ಸಲ. ಗಂಡಸರು ಸಾಮಾನ್ಯವಾಗಿ ಪೂರ್ತಿ ಬಲ ಹಾಕಿ ನನ್ನನ್ನೇ ನೂಕಿಬಿಡುತ್ತಾರೆ. ಇದು ಪಂಜ ಕುಸ್ತಿಯಲ್ಲ ಮಾರಾಯ್ರೇ, ಮೆತ್ತಗೆ.

ಮನೆಗೆ ಹೋದ ಮೇಲೆ, ಎಷ್ಟು ಸಲ ಬರಬೇಕು

ಒಂದೆರಡು ದಿನ ಜಿಮ್‌ಗೆ ಹೊಸದಾಗಿ ಹೋದವರ ಹಾಗೆ ಮೈ ಕೈ ನೋಯಬಹುದು. 48 ಗಂಟೆ ದಾಟಿಯೂ ಏರುತ್ತಿದ್ದರೆ, ಹೊಸದಾಗಿ ಜೋಮು ಅಥವಾ ಬಲಹೀನತೆ ಬಂದರೆ ಫೋನ್ ಮಾಡಿ. ಮಲಗಿಕೊಂಡೇ ಇರಬೇಡಿ, ನಡೆಯಿರಿ. ಕೊಟ್ಟ ವ್ಯಾಯಾಮ ಎರಡೇ ಇರಲಿ, ಆದರೆ ಮಾಡಿ. ಬರೀ ಕೈಚಿಕಿತ್ಸೆ ಸಾಲದು, ವ್ಯಾಯಾಮದ ಜೊತೆಗೇ ಕೊಡಬೇಕು ಅಂತ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ಸರ್ಕಾರಿ ಸಂಸ್ಥೆ ನೈಸ್‌ನ 2016ರ ಬೆನ್ನು ನೋವಿನ ಮಾರ್ಗಸೂಚಿಯೂ ಹೇಳುತ್ತದೆ.

ತರಬೇತಿಯ ಬಗ್ಗೆ ಕೇಳಲು ಸಂಕೋಚ ಬೇಡ. ಅಮೆರಿಕದಲ್ಲಿ ಡಿ.ಓ. (ಡಾಕ್ಟರ್ ಆಫ್ ಆಸ್ಟಿಯೋಪತಿಕ್ ಮೆಡಿಸಿನ್) ಎಂದರೆ ಪೂರ್ಣ ಪ್ರಮಾಣದ ವೈದ್ಯರು. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಡಿ ನೋಂದಣಿ ಇಲ್ಲದೆ ಆಸ್ಟಿಯೋಪತ್ ಎಂಬ ಹೆಸರು ಹಾಕಿಕೊಳ್ಳುವಂತಿಲ್ಲ. ಎಲ್ಲ ದೇಶಗಳಲ್ಲೂ ಅಂಥ ಕಾನೂನಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹಾಕಿದ ಅಳತೆಗೋಲಿನಲ್ಲಿ ಹೊಸಬರಿಗೆ 4,200 ಗಂಟೆ ತರಬೇತಿ, ಅದರಲ್ಲಿ ಕನಿಷ್ಠ 1,000 ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳ ಜೊತೆ. ವಾರಾಂತ್ಯದ ಕೋರ್ಸಿನವರು ಅದರ ಹತ್ತಿರವೂ ಬರುವುದಿಲ್ಲ.

ಮೊದಲ ದಿನವೇ 20 ಭೇಟಿಗೆ ಮುಂಗಡ ಕೇಳಿದರೆ ಎದ್ದು ಬನ್ನಿ. ನಾನು ಮೊದಲ ದಿನ ಕೇಳುವುದು ಒಂದು ಕೆಲಸದ ಹೆಸರು: ಬೂಟಿನ ಲೇಸು ಕಟ್ಟುವುದು, ಕಾರು ಹಿಂದೆ ತೆಗೆಯುವಾಗ ಕತ್ತು ತಿರುಗಿಸುವುದು, ಯಾವುದಾದರೂ ಸರಿ, ನಿಮಗೆ ದಿನಾ ಬೇಕಾದದ್ದು. ಅದನ್ನು ಹಾಳೆಯ ಮೇಲೆ ಬರೆದು ಪಕ್ಕದಲ್ಲಿ ಇವತ್ತು ಎಷ್ಟಾಗುತ್ತದೆ ಅಂತ ಗುರುತು ಹಾಕುತ್ತೇನೆ. ಮೂರನೇ ಅಥವಾ ನಾಲ್ಕನೇ ಭೇಟಿಯಲ್ಲಿ ಅದನ್ನೇ ಮಾಡಿಸುತ್ತೇನೆ. ಸುಧಾರಿಸಿದ್ದರೆ ಭೇಟಿಗಳ ನಡುವಿನ ಅಂತರ ಹೆಚ್ಚಿಸಿ ಆಮೇಲೆ ನಿಲ್ಲಿಸುತ್ತೇವೆ. ಗುರುತು ಕದಲಿರದಿದ್ದರೆ ನಿಮ್ಮ ವೈದ್ಯರಿಗೆ ಒಂದು ಪತ್ರ: ಏನು ಕಂಡೆ, ಏನು ಮಾಡಿದೆ, ಏನು ಬದಲಾಗಲಿಲ್ಲ. ಅದರ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ, ಆ ಮೂರು ದಿನದ ಚೀಟಿಯ ಜೊತೆಗೇ.