ನೈಟ್ರಾಕ್ಸ್ ಟ್ಯಾಂಕ್ ವಾಲ್ವ್‌ಗೊಂದು ಟೇಪ್

ನೈಟ್ರಾಕ್ಸ್‌ನಲ್ಲೇ (ಮಾಮೂಲಿಗಿಂತ ಹೆಚ್ಚು ಆಕ್ಸಿಜನ್ ಇರುವ ಗಾಳಿ) ಜಾಸ್ತಿ ಸ್ಕೂಬಾ ಡೈವ್ ಮಾಡುವವರು ಒಂದು ಟ್ಯಾಂಕನ್ನು ಅದಕ್ಕಷ್ಟೇ ಮೀಸಲಿಡಿ. ಆಕ್ಸಿಜನ್ ಕ್ಲೀನಿಂಗ್ (ಟ್ಯಾಂಕ್, ವಾಲ್ವ್‌ನೊಳಗಿನ ಎಣ್ಣೆ ಪಸೆ ತೆಗೆಯುವುದು) ಆದ ಕೂಡಲೇ ವಾಲ್ವ್ ಬಾಯಿಗೆ ಅಡ್ಡಲಾಗಿ ಟೇಪ್ ಅಂಟಿಸಿ, 'ಮಾಮೂಲಿ ಗಾಳಿ ತುಂಬಬೇಡಿ' ಎಂದು ಬರೆದುಬಿಡಿ. ನೈಟ್ರಾಕ್ಸ್ ತುಂಬುವ ಪಾರ್ಷಿಯಲ್ ಪ್ರೆಶರ್ ವಿಧಾನದಲ್ಲಿ ಶುದ್ಧ ಆಕ್ಸಿಜನ್ ನೇರ ಟ್ಯಾಂಕಿನೊಳಗೆ ಹೋಗುತ್ತದೆ. ಕಂಪ್ರೆಸರ್ ಗಾಳಿಯ ಜೊತೆ ಬಂದ ಎಣ್ಣೆಯ ಪಸೆ ಒಳಗಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಟೇಪ್ ನೋಡದೆ ಕಿತ್ತೆಸೆಯುವವರ ಮುಂದೆ ಈ ಉಪಾಯ ನಡೆಯಲ್ಲ ಬಿಡಿ. ಒಂದೇ ಸಲ ಮಾಮೂಲಿ ಗಾಳಿ ತುಂಬಿದರೂ ಮತ್ತೆ ಕ್ಲೀನಿಂಗ್ ಮಾಡಿಸಲೇಬೇಕು. ವಾಲ್ವ್‌ನ ಓ-ರಿಂಗ್‌ಗೆ (ಸೋರಿಕೆ ತಡೆಯುವ ರಬ್ಬರ್ ಬಳೆ) ಸುಮ್ನೆ ಸಿಲಿಕೋನ್ ಗ್ರೀಸ್ ಹಚ್ಚಬೇಡಿ, ಆಕ್ಸಿಜನ್‌ಗೆ ಹೊಂದುವ ಗ್ರೀಸೇ ಬೇಕು. ಟೇಪ್ ಇದ್ದರೂ ಪ್ರತಿ ಸಲ ತುಂಬಿಸಿದ ಮೇಲೆ ಆಕ್ಸಿಜನ್ ಎಷ್ಟಿದೆ ಅಂತ ನೀವೇ ಅಳೆಯಿರಿ. ಎಷ್ಟು ಆಳಕ್ಕೆ ಇಳಿಯಬಹುದು ಅನ್ನೋದು ಅದರ ಮೇಲೆಯೇ ನಿಂತಿದೆ: ಉಸಿರಾಡುವ ಆಕ್ಸಿಜನ್‌ನ ಒತ್ತಡಕ್ಕೆ 1.4 ಬಾರ್ ಮಿತಿ ಇಟ್ಟುಕೊಂಡರೆ, ಆಕ್ಸಿಜನ್ 32% ಆದರೆ ಸುಮಾರು 33 ಮೀಟರ್ ಆಳ, 36% ಆದರೆ 28 ಮೀಟರ್ ಅಷ್ಟೇ.