ಪೈನ್ ಅಂತ ಕೊಟ್ಟ ಹಲಗೆ ನಿಜವಾಗಿ ಯಾವ ಮರದ್ದು?

ಬೆಳಗಾವಿಯ ಕಟ್ಟಿಗೆ ಅಡ್ಡೆಗಳಲ್ಲಿ ತಿಳಿ ಬಣ್ಣದ, ಹಗುರಾದ, ಗಂಟಿರುವ ಹಲಗೆಗೆಲ್ಲ ಸಾಮಾನ್ಯವಾಗಿ ಒಂದೇ ಹೆಸರು: ಪೈನ್. ಉದ್ಯಮಬಾಗದ ಕಾರ್ಖಾನೆಗೆ ಯಂತ್ರ ಹೊತ್ತು ಬಂದ ಪೆಟ್ಟಿಗೆಯ ಹಲಗೆಯೂ ಪೈನ್, ಹಿಮಾಲಯದ ದೇವದಾರುವೂ ಪೈನ್. ಹೆಸರು ತಪ್ಪಿದರೆ ನಷ್ಟ ಕೊಂಡವರಿಗೆ. ದೇವದಾರುವಿನ ಚೇಗು (ಕಾಂಡದ ಒಳಭಾಗದ ಕಟ್ಟಿಗೆ) ಗೆದ್ದಲಿಗೂ ಕೊಳೆತಕ್ಕೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಫರ್, ಸ್ಪ್ರೂಸ್‌ಗಳಿಗೆ ಆ ಶಕ್ತಿ ಇಲ್ಲ. ಗೆದ್ದಲಿನ ಔಷಧಿಯೂ ಅವುಗಳೊಳಗೆ ಸುಲಭವಾಗಿ ಇಳಿಯುವುದಿಲ್ಲ.

ಒಂದು ಅನುಕೂಲವಿದೆ. ಖಾನಾಪುರ, ಲೋಂಡಾ ಕಡೆಯ ಕಾಡಿನಲ್ಲಿ ತೇಗ, ಮತ್ತಿ, ಹೊನ್ನೆ, ನಂದಿ ಇವೆ. ಪೈನ್ ಜಾತಿಯ ಸೂಚಿಪರ್ಣಿ (ಕೋನಿಫರ್) ಮರಗಳು ಅಲ್ಲಿ ಸಹಜವಾಗಿ ಬೆಳೆಯುವುದಿಲ್ಲ. ಇಲ್ಲಿ ಸಿಗುವುದೆಲ್ಲ ವ್ಯಾಪಾರದಲ್ಲಿ ಬಂದದ್ದು, ಹಾಗಾಗಿ ಹುಡುಕುವ ಪಟ್ಟಿ ಚಿಕ್ಕದು. ಹಿಮಾಲಯದಿಂದ ದೇವದಾರು, ಚಿರ್ ಪೈನ್, ಕೈಲ್ (ನೀಲಿ ಪೈನ್), ಫರ್, ಸ್ಪ್ರೂಸ್. ಹೊರದೇಶದಿಂದ ರೇಡಿಯಾಟಾ ಪೈನ್, ಸದರ್ನ್ ಯೆಲ್ಲೋ ಪೈನ್, ಸ್ಕಾಟ್ಸ್ ಪೈನ್, ಯುರೋಪಿನ ಸ್ಪ್ರೂಸ್, ಡಗ್ಲಸ್ ಫರ್, ಹೆಮ್‌ಲಾಕ್, ರೆಡ್ ಸೀಡರ್. ‘ಎಸ್‌ಪಿಎಫ್’ ಎಂದು ಬರೆದ ಕಟ್ಟು ಸ್ಪ್ರೂಸ್, ಪೈನ್, ಫರ್ ಮೂರರ ಮಿಶ್ರಣ. ಅದರಲ್ಲಿ ಪ್ರತಿ ಹಲಗೆಯನ್ನೂ ಬೇರೆಯಾಗಿಯೇ ನೋಡಬೇಕು.

ಪೆಟ್ಟಿಗೆಯ ಹಲಗೆಯಾದರೆ ಮೊದಲು ಸುಟ್ಟೊತ್ತಿದ ಮುದ್ರೆ ಹುಡುಕಿ. ತೆನೆಯಂಥ ಗುರುತಿನ ಪಕ್ಕ ಎರಡಕ್ಷರದ ದೇಶಸಂಕೇತ ಇರುತ್ತದೆ. ‘ಎನ್‌ಝಡ್’ (ನ್ಯೂಜಿಲೆಂಡ್) ಇದ್ದರೆ ರೇಡಿಯಾಟಾ ಇರಬಹುದು, ‘ಡಿಇ’ (ಜರ್ಮನಿ) ಇದ್ದರೆ ಸ್ಪ್ರೂಸ್ ಅಥವಾ ಸ್ಕಾಟ್ಸ್ ಪೈನ್. ಇದು ಸುಳಿವು ಮಾತ್ರ: ಮುದ್ರೆ ಹೇಳುವುದು ಹಲಗೆಯನ್ನು ಸಂಸ್ಕರಿಸಿದ ದೇಶವನ್ನು, ಮರ ಬೆಳೆದ ದೇಶವನ್ನಲ್ಲ. ‘ಎಚ್‌ಟಿ’ ಎಂದರೆ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದು. ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಕಿದ್ದು. ಅದನ್ನು ಒಲೆಗೆ, ಅಡುಗೆಮನೆಗೆ, ಮಕ್ಕಳ ಆಟಿಕೆಗೆ ಬಳಸಬೇಡಿ.

ತುದಿಯನ್ನು ಕೊಯ್ಯುವುದು

ಗುರುತಿಸುವಿಕೆ ಕೆಡುವುದು ಹೆಚ್ಚಾಗಿ ಇಲ್ಲೇ. ರಂದಾ ಹೊಡೆದ ಅಗಲ ಮುಖದ ಬಣ್ಣ ನೋಡಿ ಮರದ ಹೆಸರು ಹೇಳಲಾಗದು. ನೋಡಬೇಕಾದದ್ದು ಎಳೆಗೆ ಅಡ್ಡವಾಗಿ ಕೊಯ್ದ ತುದಿಯನ್ನು. ಬೇಕಾಗುವುದು ಇಷ್ಟೇ: ಹೊಸ ಕಟರ್ ಬ್ಲೇಡು, ಪತ್ತಾರರು ಬಳಸುವ 10 ಪಟ್ಟಿನ ಮಸೂರ, ಸ್ವಲ್ಪ ನೀರು.

ಗಂಟಿನಿಂದ ದೂರದ ಜಾಗ ಆರಿಸಿ. ಗಂಟಿನ ಹತ್ತಿರ ಎಳೆ ತಿರುಚಿ ರಾಳ ಸೇರಿಕೊಂಡಿರುತ್ತದೆ, ಅಲ್ಲಿ ಕಂಡದ್ದನ್ನು ನಂಬಲಾಗದು. ತುದಿಯನ್ನು ಬಿಸಿನೀರಿನಲ್ಲಿ 10–15 ನಿಮಿಷ ನೆನೆಸಿ, ಬ್ಲೇಡನ್ನು ಒತ್ತದೆ ಓರೆಯಾಗಿ ಎಳೆಯುತ್ತ ತೆಳುವಾಗಿ ಸವರಿ. ಕನಿಷ್ಠ 3–4 ವಾರ್ಷಿಕ ಬಳೆ (ಮರ ವರ್ಷಕ್ಕೊಂದರಂತೆ ಬೆಳೆಸುವ ಉಂಗುರ) ಕಾಣುವಷ್ಟು ಜಾಗ ಸಾಕು. ಮೊಂಡ ಬ್ಲೇಡಿನಿಂದ ಮೆತ್ತನೆಯ ಜೀವಕೋಶಗಳು ನಜ್ಜಿ ರಾಳದ ನಾಳಗಳು (ಮರದ ಅಂಟು ಇರುವ ಸಣ್ಣ ಕೊಳವೆಗಳು) ಮುಚ್ಚಿಹೋಗುತ್ತವೆ, ಆಗ ಪೈನ್ ಕೂಡ ಫರ್‌ನಂತೆ ಕಾಣುತ್ತದೆ. ಗರಗಸದ ತುದಿಯನ್ನು ಮರಳುಕಾಗದದಿಂದ ಉಜ್ಜಿದರೂ ಇದೇ ಗತಿ, ಪುಡಿ ನಾಳದೊಳಗೆ ತುಂಬುತ್ತದೆ. ಮಸೂರವನ್ನು ಕಣ್ಣಿಗೆ ತಾಗಿಸಿ ಹಿಡಿದು, ಸ್ಪಷ್ಟವಾಗುವವರೆಗೆ ಹಲಗೆಯನ್ನೇ ಹತ್ತಿರ ತನ್ನಿ. ಬಿಸಿಲು ಪಕ್ಕದಿಂದ ಬೀಳಲಿ.

ಮೊದಲ ಪ್ರಶ್ನೆ: ರಂಧ್ರಗಳಿವೆಯೇ? ಸೂಚಿಪರ್ಣಿ ಮರಕ್ಕೆ ನೀರು ಸಾಗಿಸುವ ದೊಡ್ಡ ಕೊಳವೆಗಳೇ ಇಲ್ಲ. ತುದಿ ನಯವಾಗಿ, ಸಾಲುಸಾಲು ಸಣ್ಣ ಕೋಶಗಳಾಗಿ ಕಾಣಬೇಕು. ಬಳೆಯುದ್ದಕ್ಕೂ ತೂತುಗಳು ತುಂಬಿದ್ದರೆ ಅದು ಮಾವು, ಸಿಲ್ವರ್ ಓಕ್, ರಬ್ಬರ್‌ನಂಥದ್ದು. ಕೈಗೆ ಎಷ್ಟೇ ಮೃದುವಾಗಿದ್ದರೂ ಈ ಗುಂಪಿಗೆ ಸೇರದು. ಸರ್ವೆ ಮರದ ಎಲೆ ಸೂಜಿಯಂತೆ ಕಂಡರೂ ಅದರಲ್ಲಿ ರಂಧ್ರಗಳಿವೆ. ಬಾಗಲಕೋಟೆ, ವಿಜಯಪುರದ ಮಾಳಿಗೆ ಮನೆಗಳಿಂದ ಬಿಚ್ಚಿದ ತೊಲೆ-ಜಂತಿಗಳೂ ಹೆಚ್ಚಾಗಿ ಈ ಹಂತದಲ್ಲೇ ಪಟ್ಟಿಯಿಂದ ಹೊರಬೀಳುತ್ತವೆ.

ರಾಳದ ನಾಳ

ಎಲ್ಲಕ್ಕಿಂತ ಮುಖ್ಯ ಗುರುತು ಇದು. ಪೈನ್ ಕುಲದಲ್ಲಿ ನಾಳಗಳು ದೊಡ್ಡವು, ಒಂಟಿ, ಪ್ರತಿ ಬಳೆಯಲ್ಲೂ ಚದುರಿರುತ್ತವೆ. ಬರಿಗಣ್ಣಿಗೂ ಚುಕ್ಕಿಯಾಗಿ ಕಾಣುತ್ತವೆ, ಅಗಲ ಮುಖದಲ್ಲಿ ಎಳೆಯುದ್ದಕ್ಕೆ ಸಣ್ಣ ಕಂದು ಗೀರುಗಳಾಗಿ ಕಾಣುತ್ತವೆ. ಸ್ಪ್ರೂಸ್, ಲಾರ್ಚ್, ಡಗ್ಲಸ್ ಫರ್‌ಗಳಲ್ಲಿ ನಾಳಗಳು ಸಣ್ಣವು, ವಿರಳ, ಎರಡು-ಮೂರು ಒಟ್ಟಾಗಿ ಅಂಟಿಕೊಂಡಿರುತ್ತವೆ. ಮಸೂರ ಬೇಕೇ ಬೇಕು. ಫರ್, ಹೆಮ್‌ಲಾಕ್, ದೇವದಾರು, ರೆಡ್ ಸೀಡರ್‌ಗಳಲ್ಲಿ ಸಹಜ ನಾಳಗಳೇ ಇಲ್ಲ.

ಎಚ್ಚರಿಕೆ ಬೇಕಾದದ್ದು ದೇವದಾರುವಿನಲ್ಲಿ. ಮರಕ್ಕೆ ಗಾಯವಾದ ವರ್ಷ ಅದರಲ್ಲೂ ನಾಳ ಹುಟ್ಟುತ್ತವೆ, ಆದರೆ ಒಂದೇ ಬಳೆಯಗುಂಟ ಪೋಣಿಸಿದ ಮಣಿಸರದಂತೆ ಸಾಲಾಗಿ. ಇದನ್ನು ಕಂಡು ಪೈನ್ ಎಂದು ತೀರ್ಮಾನಿಸುವುದು ತೀರಾ ಸಾಮಾನ್ಯ ತಪ್ಪು. ಅಕ್ಕಪಕ್ಕದ ಬಳೆಗಳು ಖಾಲಿ ಇವೆಯೇ ನೋಡಿ.

ನಂತರ ಬಳೆಯೊಳಗಿನ ತಿಳಿ ಪಟ್ಟಿ ಗಾಢ ಪಟ್ಟಿಗೆ ತಿರುಗುವ ರೀತಿ. ಸದರ್ನ್ ಯೆಲ್ಲೋ ಪೈನ್, ಡಗ್ಲಸ್ ಫರ್‌ಗಳಲ್ಲಿ ಗೆರೆ ಕೊರೆದಂತೆ ತಟ್ಟನೆ. ಉಗುರು ಗೀರಿದರೆ ಗಾಢ ಪಟ್ಟಿ ಗಟ್ಟಿ. ಕೈಲ್, ರೇಡಿಯಾಟಾ, ಸ್ಪ್ರೂಸ್‌ಗಳಲ್ಲಿ ನಿಧಾನವಾಗಿ. ಡಗ್ಲಸ್ ಫರ್‌ನ ಚೇಗು ಕಿತ್ತಳೆ-ಕಂದು, ಸ್ಪ್ರೂಸ್‌ನಲ್ಲಿ ಚೇಗು ಮತ್ತು ಹೊರಗಟ್ಟಿಗೆಗೆ ಬಣ್ಣದ ವ್ಯತ್ಯಾಸವೇ ಕಾಣದು.

ವಾಸನೆಗೆ ಹೊಸದಾಗಿ ಹೆರೆದ ಸಿಪ್ಪೆ ತೇವ ಮಾಡಿ ಮೂಸಿ. ದೇವದಾರುವಿನ ಎಣ್ಣೆಗಂಪು ಗಾಢ, ಪೈನ್‌ಗೆ ಟರ್ಪೆಂಟೈನ್ ವಾಸನೆ, ಫರ್‌ಗೆ ಹೇಳಿಕೊಳ್ಳುವಂಥದ್ದಿಲ್ಲ. ಹಳೆ ಹಲಗೆಯಲ್ಲಿ ವಾಸನೆ ಇಲ್ಲವೆಂದ ಮಾತ್ರಕ್ಕೆ ಯಾವುದನ್ನೂ ತಳ್ಳಿಹಾಕಬೇಡಿ.

ತೂಕ ಕೊನೆಯ ಸಾಕ್ಷಿ. 10 × 5 × 2 ಸೆಂ.ಮೀ. ತುಂಡು ಅಂದರೆ 100 ಘನ ಸೆಂ.ಮೀ.; ಅಡುಗೆ ತಕ್ಕಡಿಯಲ್ಲಿ ತೂಗಿ. ಒಣಗಿದ ರೆಡ್ ಸೀಡರ್ ಸುಮಾರು 37 ಗ್ರಾಂ, ಫರ್, ಸ್ಪ್ರೂಸ್ 45ರ ಆಸುಪಾಸು, ದೇವದಾರು, ಚಿರ್ 55ರ ಮೇಲೆ ಕೆಳಗೆ. ಜುಲೈನ ಬೆಳಗಾವಿಯಲ್ಲಿ ತೂಗಿದ್ದಕ್ಕೂ ಏಪ್ರಿಲ್‌ನ ವಿಜಯಪುರದಲ್ಲಿ ತೂಗಿದ್ದಕ್ಕೂ ಅದೇ ತುಂಡಿನಲ್ಲಿ ವ್ಯತ್ಯಾಸ ಬರುತ್ತದೆ, ಆದ್ದರಿಂದ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ.

ಮಸೂರದಿಂದ ಕುಲದವರೆಗೆ ಹೋಗಬಹುದು, ಅದರಾಚೆ ಹೋಗಲು ಸೂಕ್ಷ್ಮದರ್ಶಕ ಬೇಕು. ಸ್ಕಾಟ್ಸ್ ಪೈನ್‌ನ ಕಿರಣಕೋಶಗಳಲ್ಲಿ (ಮರದ ನಡುವಿನಿಂದ ಹೊರಕ್ಕೆ ಸಾಗುವ ಕೋಶಸಾಲುಗಳಲ್ಲಿ) ಕಿಟಕಿಯಂಥ ದೊಡ್ಡ ಗುಳಿಗಳಿವೆ, ರೇಡಿಯಾಟಾದಲ್ಲಿ ಹಲವು ಸಣ್ಣವು. ಹಣ ಅಥವಾ ತಕರಾರು ದೊಡ್ಡದಿದ್ದರೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಜಾತಿ ಗುರುತಿಸಿ ಕೊಡುತ್ತಾರೆ. ಗಂಟು, ಬಿರುಕು ಇಲ್ಲದ, ಚೇಗು ಇರುವ, ಬಣ್ಣ ಬಳಿಯದ ತುಂಡು ಕಳಿಸಿ. ಎಲ್ಲಿ ಕೊಂಡದ್ದು, ಮುದ್ರೆಯಲ್ಲಿ ಏನಿತ್ತು ಎಂಬುದನ್ನು ಜೊತೆಗೆ ಬರೆಯಿರಿ, ಉಳಿದರ್ಧ ತುಂಡನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.