ವಿದ್ಯಾರ್ಥಿಗಳಿಗೆ ಉಚಿತ ಚಿತ್ರ ಸಂಪಾದನಾ ತಂತ್ರಾಂಶ: ಆಯ್ಕೆ ಹೇಗೆ?

ತಂತ್ರಾಂಶವನ್ನು ಆರಿಸುವ ಮೊದಲು ಕೆಲಸ ಯಾವುದೆಂದು ನಿರ್ಧರಿಸಿಕೊಳ್ಳಬೇಕು. ಚಿತ್ರದುರ್ಗದ ಕೋಟೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ತೆಗೆದ ಫೋಟೊದಲ್ಲಿ ಓಬವ್ವನ ಕಿಂಡಿ ಕಪ್ಪಗೆ ಬಂದಿದ್ದರೆ, 1996ರಿಂದ ಬಳಕೆಯಲ್ಲಿರುವ ಫೋಟೊ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ‘ಕರ್ವ್ಸ್’ (ಬೆಳಕು-ನೆರಳನ್ನು ಹೊಂದಿಸುವ ಗೆರೆಯ ಸಾಧನ) ತೆರೆದು ಗೆರೆಯ ಎಡಭಾಗವನ್ನು ತುಸು ಮೇಲೆತ್ತಿದಾಗ ಬಂಡೆಯ ಉಬ್ಬುತಗ್ಗುಗಳು ಕಾಣತೊಡಗುತ್ತವೆ. ಪೂರ್ತಿ ಬಿಳುಚಿಹೋದ ಆಕಾಶದ ಮೂಲ ವಿವರ ಮಾತ್ರ ಮರಳಿ ಬಾರದು. ಕೈಯಿಂದ ಚಿತ್ರ ಬಿಡಿಸುವವರಿಗೆ ಕ್ರಿತಾ, ಎಷ್ಟು ಹಿಗ್ಗಿಸಿದರೂ ಒಡೆಯದ ಲಾಂಛನಕ್ಕೆ ಇಂಕ್‌ಸ್ಕೇಪ್ ಸೂಕ್ತ. ಕಾಲೇಜಿನ ಲ್ಯಾಬಿನಲ್ಲಿ ಹೊಸ ತಂತ್ರಾಂಶ ಅಳವಡಿಸಲು ಅನುಮತಿಯಿಲ್ಲದಿದ್ದರೆ ಬ್ರೌಸರ್‌ನಲ್ಲೇ ತೆರೆದುಕೊಳ್ಳುವ ಫೋಟೋಪಿಯ ಸಾಕು, ಜಾಹೀರಾತುಗಳನ್ನು ಸಹಿಸಿಕೊಳ್ಳಬೇಕಷ್ಟೆ. ಪೋಸ್ಟರ್ ಮಾಡುವವರು ಯೂನಿಕೋಡ್ ಫಾಂಟಿನಲ್ಲಿ ‘ರಾಷ್ಟ್ರ’ ಎಂದು ಬೆರಳಚ್ಚಿಸಿ, ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆಯೇ ಎಂದು ಮೊದಲೇ ಪರೀಕ್ಷಿಸುವುದು ಒಳ್ಳೆಯದು. ಗಿಂಪ್ ಬಳಸುವಾಗ ಲೇಯರ್‌ಗಳು (ಚಿತ್ರದ ಪ್ರತ್ಯೇಕ ಪದರಗಳು) ಉಳಿಯುವಂತೆ ಅದರದೇ ಕಡತ ಮಾದರಿಯಾದ ಎಕ್ಸ್‌ಸಿಎಫ್ ಪ್ರತಿಯನ್ನು ಇಟ್ಟುಕೊಂಡು, ಸಲ್ಲಿಸುವುದಕ್ಕೆ ಜೆಪೆಗ್ ಪ್ರತಿಯನ್ನು ಬೇರೆಯಾಗಿ ತೆಗೆಯಬೇಕು.